ದೊರೆಯ ಕಿವಿ

ಸದ್ದಿಲ್ಲ, ಮೆಟ್ಟಿಲ ಕಂಬಿ ಅಂಗೈಗೆ ತಣ್ಣಗೆ ತಾಗುತ್ತಿದೆ, ಯಾರದೋ ಮನೆಯ ಕುಕ್ಕರು ಕೂಗಿ ಸುಮ್ಮನಾಯಿತು, ನನ್ನ ಬಾಗಿಲ ಹಿಂದೆ ಮಾತ್ರ ಸದ್ದೇ ಇಲ್ಲ — ಮುಂಚೆಯಾದರೆ ಬೀದಿಯ ತಿರುವಿಗೇ ದೊರೆಯ ಊಳು ಕೇಳಿಸುತ್ತಿತ್ತು, ಸಾಮಾನ್ಯ ಊಳೇ ಅದು, ನಡುಗಡಲಿನ ಹಡಗುಗಳು ದಿಕ್ಕು ಬದಲಿಸುವಂಥದ್ದು, ನನ್ನ ನಾಯಿ ಅಂದಮೇಲೆ ಅಷ್ಟಾದರೂ ಬೇಡವೇ, ನಾನು ತೆರೆಯಲಾರದ ಬೀಗ ಈ ಲೋಕದಲ್ಲಿ ಇನ್ನೂ ಹುಟ್ಟಿಲ್ಲ, ತಿಜೋರಿಗಳು ನನ್ನ ಕೆಮ್ಮು ಕೇಳಿಯೇ ಬಾಯಿಬಿಡುತ್ತವೆ, ಅಂಥವನ ಮನೆಬಾಗಿಲನ್ನು ಒಳಗಿನಿಂದ ಕೆರೆದು ಕೆರೆದು ಜರಡಿ ಮಾಡಿಟ್ಟಿದ್ದ, ನಾನು ಹೊಸಿಲು ದಾಟಿ ಹೊರಗೆ ಹೋದರೆ ಸಾಕು, ಜೊಲ್ಲು, ನಡುಕ, ಉಗುರಿನಲ್ಲಿ ರಕ್ತ. ಒಂದು ದಿನ ಕೆಳಗಿನ ಮನೆಯ ಓನರಮ್ಮ ಸೊಂಟದ ಮೇಲೆ ಕೈಯಿಟ್ಟು, ನೋಡಪ್ಪಾ, ತಿಂಗಳ ಕೊನೆಗೆ ನಾಯಿ ಹೋಗ್ಬೇಕು, ಇಲ್ಲಾ ನಾಯಿ ಜೊತೆ ನೀನೂ ಹೋಗ್ಬೇಕು, ಅದು ಅತ್ರೆ ನಂಗೆ ಬಿಪಿ ಏರತ್ತೆ — ಬಿಪಿಗೆ ಮಾತ್ರೆ ತಗೊಳ್ಳಿ ಅಮ್ಮಾ — ತಗೋತಾನೇ ಇದೀನಿ ಕಣೋ, ನಿನ್ನ ನಾಯಿಗೂ ಒಂದು ಕೊಡ್ಸು! ಸಿಟ್ಟಿಗೆ ಆಡಿದ ಮಾತು, ನಾನು ನಿಜಕ್ಕೂ ಪ್ರಾಣಿಗಳ ಡಾಕ್ಟರಮ್ಮನ ಮುಂದೆ ಹೋಗಿ ಕೂತೆ, ಯಾವ ಸದ್ದಿಗೆ ಹೆದರತ್ತೆ ಅಂದರು, ಬೀಗದ ಕೈ ಸದ್ದಿಗೆ ಡಾಕ್ಟ್ರೇ, ಬಿಟ್ಟು ಹೋಗ್ತೀನಿ ಅಂತ, ನೀವೇನು ಕೆಲ್ಸ ಮಾಡ್ತೀರಿ, ಬೀಗ ರಿಪೇರಿ — ಪಾಪ, ನಗು ತಡೆಯಲು ತುಟಿ ಕಚ್ಚಿಕೊಂಡರು. ಇದು ನಿದ್ದೆ ಮಾತ್ರೆ ಅಲ್ಲ, ಭಯ ಇಳಿಸೋದು, ಹಿಡಿಯೋಕೆ ಕೆಲವು ವಾರ ಬೇಕು, ಬರೀ ಮಾತ್ರೇನೇ ನಂಬ್ಕೋಬೇಡಿ, ಬೀಗದ ಕೈ ಅಲ್ಲಾಡ್ಸಿ, ಎಲ್ಲೂ ಹೋಗ್ದೆ ಕೂತ್ಕೊಳ್ಳಿ. ಅಕ್ಕ ಫೋನಿನಲ್ಲೇ ಹಣೆ ಚಚ್ಚಿಕೊಂಡಳು, ನಾಯಿಗೆ ಮನಸ್ಸಿನ ಮಾತ್ರೆನಾ, ಮೊದ್ಲು ನೀನು ನುಂಗು, ಜಂಬ ಇಳೀಲಿ, ನೋಡ್ತಿರು, ಕುಂಬಳಕಾಯಿ ಥರ ಬಿದ್ದಿರತ್ತೆ ಅದು.

ಬಾಳೆಹಣ್ಣಿನೊಳಗೆ ಮಾತ್ರೆ ಅಡಗಿಸಿ ಕೊಟ್ಟೆ, ಕೈಗೊಂದು ಬೀಗದ ಕೈ ಗೊಂಚಲು, ಕಾಲಿಗೊಂದು ಗೊಂಚಲು ಕಟ್ಟಿಕೊಂಡು ಎತ್ತಿನ ಗಾಡಿಯ ಹಾಗೆ ಮನೆಯೆಲ್ಲ ಘಲಘಲ ತಿರುಗಿದೆ, ಎಲ್ಲೂ ಹೋಗಲಿಲ್ಲ, ಮೊದಮೊದಲು ಘಲ್ ಅಂದರೆ ದೊರೆಯ ಎರಡೂ ಕಿವಿ ತಲೆಬುರುಡೆಗೆ ಅಂಟಿಬಿಡುತ್ತಿದ್ದವು, ಆ ಅಂಟಿದ ಕಿವಿ, ನೋಡಲಾಗುತ್ತಿರಲಿಲ್ಲ. ವಾರಗಳು ಕಳೆದು ಇವತ್ತೇ ಧೈರ್ಯ ಮಾಡಿ ಅವನೊಬ್ಬನನ್ನೇ ಬಿಟ್ಟು ಹೋದದ್ದು, ಅಂಗಡಿಯ ಷಟರಿನ ಒಂದು ಬಡಪಾಯಿ ಬೀಗಕ್ಕೆ ಮೂರು ಸಲ ತಂತಿ ತೂರಿಸಿದೆ, ನಾನು! ಈಗ ಈ ಮೌನ — ಅಕ್ಕನ ಕುಂಬಳಕಾಯಿ ಎದೆಯೊಳಗೆ ಉರುಳುತ್ತಿದೆ, ಉಸಿರಾಡುತ್ತಿದ್ದಾನೋ ಇಲ್ಲವೋ, ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮಂಡಿಯೂರುತ್ತೇನೆ, ಬೀಗದ ಕಿಂಡಿಗೆ ಕಣ್ಣು, ನನ್ನ ಹಳೇ ಅಂಗಿ, ಅದರ ಮೇಲೆ ದೊರೆ, ಹೊಟ್ಟೆ ಏರುತ್ತಿದೆ, ಇಳಿಯುತ್ತಿದೆ, ಅಬ್ಬ. ಏನೋ ಅದು, ಊರಿನ ಬೀಗ ಎಲ್ಲಾ ತೆಗೀತೀಯ, ನಿನ್ ಮನೇದೇ ಬರ್ತಿಲ್ವಾ, ಕೆಳಗಿನಿಂದ ಓನರಮ್ಮ, ಅಂದ್ಹಾಗೆ ಇವತ್ತು ಸದ್ದೇ ಇಲ್ವಲ್ಲೋ, ನಾಯೀನ ಎಲ್ಲಿ ಬಿಟ್ಬಂದೆ? ಎಲ್ಲೂ ಇಲ್ಲ ಅಮ್ಮಾ, ಮನೇಲೇ ಇದಾನೆ, ಮನೇಲೇ — ಕಣ್ಣಿಗೆ ಧೂಳು, ಈ ಕಿಂಡಿಗೆ ಎಣ್ಣೆ ಬಿಡಬೇಕು, ಮುಷ್ಟಿ ಸಡಿಲಾಗಿ ಗೊಂಚಲು ಜಾರುತ್ತದೆ, ಘಲ್, ಒಂದು ಕಿವಿ ಏಳುತ್ತದೆ, ಒಂದೇ ಒಂದು, ಬಾಗಿಲ ಕಡೆಗೆ ತಿರುಗುತ್ತದೆ, ಅಪ್ಪ ಬಂದ್ರೂ ಏಳಲ್ವೇನೋ ಭಡವಾ, ಬಾಲ ನೆಲಕ್ಕೆ ಒಮ್ಮೆ ಬಡಿಯುತ್ತದೆ, ಮತ್ತೆ ಅಲ್ಲಾಡಿಸುತ್ತೇನೆ, ಘಲ್, ಅದೇ ಕಿವಿ, ಎದ್ದು, ನಿಂತು, ಮೆಲ್ಲಗೆ ಮಡಚಿಕೊಂಡು ಮಲಗುತ್ತದೆ, ಅಂಟುವುದಿಲ್ಲ, ಆ ಕಿವಿ —