ಪರಿಚಯವಿಲ್ಲದ ಗಂಡ

ದಿನವಿಡೀ ಹೊರಗಿನವರ ಹತ್ತಿರ ಸಕ್ಕರೆಯಂತೆ ಮಾತಾಡುವುದು ನನ್ನ ಕೆಲಸ. ಫ್ರಿಜ್, ವಾಷಿಂಗ್ ಮಷೀನ್ ಮಾರುವ ದೊಡ್ಡ ಕಂಪನಿಯಲ್ಲಿ ಗ್ರಾಹಕರ ದೂರು ಕೇಳುವವಳು ನಾನು. "ನಿಮ್ಮ ಫ್ರಿಜ್ಜಿಗಿಂತ ನಮ್ಮನೆ ಬೀರುನೇ ತಣ್ಣಗಿದೆ" ಎಂದು ಬೈದವರಿಗೂ "ಹೌದಾ ಸಾರ್, ಕ್ಷಮಿಸಿ ಸಾರ್" ಎನ್ನಬೇಕು. ನುಂಗಿದ ಸಿಟ್ಟು ಎಲ್ಲಿಗಾದರೂ ಹೋಗಬೇಕಲ್ಲ, ಗಂಡನ ಮೇಲೆ ಹೋಗುತ್ತದೆ. ಅವರೂ ಅದೇ ಕಂಪನಿಯವರೇ, ಬಿಡಿಭಾಗಗಳ ವಿಭಾಗ. ಎಷ್ಟು ಕಂಪ್ರೆಸರ್ ಉಳಿದಿವೆ, ಎಷ್ಟು ಬಾಗಿಲ ರಬ್ಬರ್ ತರಿಸಬೇಕು ಎಂದು ನೋಡುವ ಕೆಲಸ. ರಬ್ಬರಿನ ಜೊತೆ ಮಾತಾಡಬೇಕಾಗಿಲ್ಲವಾದ್ದರಿಂದ ಅವರಿಗೆ ಮಾತೇ ಬರುವುದಿಲ್ಲ. ಪೂರ್ತಿ ಪ್ರಶ್ನೆ ಕೇಳಿದರೆ ಅರ್ಧ ಉತ್ತರ ಕೊಡುವ ಆಸಾಮಿ.

ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲದಲ್ಲಿ ನಾವಿಬ್ಬರೂ ಈ ಕಂಪನಿಗೆ ಸೇರಿದ್ದು. ನಾನು ಮಲಗುವ ಕೋಣೆಯಲ್ಲಿ, ಅವರು ಊಟದ ಮೇಜಿನ ಮುಂದೆ, ಅತ್ತೆಯವರು ಅಡುಗೆಮನೆಯಲ್ಲಿ. ನೀವಿಬ್ಬರೂ ಗಂಡ ಹೆಂಡತಿಯಾ ಎಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಹೀಗೇ ಸುಖವಾಗಿದ್ದಾಗ ಮೇಲಿನಿಂದ ಅಪ್ಪಣೆ ಬಂತು. ಇನ್ನು ಮೇಲೆ ಎಲ್ಲರೂ ದಿನವೂ ಆಫೀಸಿಗೆ ಬರತಕ್ಕದ್ದು. ಅದರ ಬಾಲಕ್ಕೇ ಅಂಟಿಕೊಂಡು ಇನ್ನೊಂದು ಸುದ್ದಿಯೂ ಬಂತು. ಬಂದವರಲ್ಲಿ ಎಷ್ಟೋ ಜನರನ್ನು ಮನೆಗೆ ಕಳಿಸುತ್ತಾರಂತೆ. ಮನೆಯಲ್ಲೇ ಇದ್ದವರನ್ನು ಕರೆಸಿ ಮತ್ತೆ ಮನೆಗೆ ಕಳಿಸುವುದು ಯಾವ ಸೀಮೆಯ ಬುದ್ಧಿಯೋ ನನಗೆ ತಿಳಿಯದು.

ಮೊದಲ ದಿನವೇ ನನ್ನ ಪಕ್ಕದ ಕುರ್ಚಿಯವಳು ಕಿವಿಯ ಹತ್ತಿರ ಬಂದಳು. ಊರಿನ ಸುದ್ದಿಯೆಲ್ಲ ಅವಳ ಬಾಯಲ್ಲೇ ಇರುವುದರಿಂದ ಎಲ್ಲರೂ ಅವಳನ್ನು ರೇಡಿಯೊ ಎನ್ನುತ್ತಾರೆ.

"ಗಂಡ ಹೆಂಡ್ತಿ ಇಬ್ರೂ ಇಲ್ಲೇ ಇದ್ರೆ, ಮೊದಲು ಅವರಲ್ಲೊಬ್ಬರನ್ನ ತೆಗೀತಾರಂತೆ ಕಣ್ರೀ. ಹೆಂಗೂ ಇನ್ನೊಬ್ಬರ ಸಂಬಳ ಬರುತ್ತಲ್ಲ ಅಂತ."

"ಪಾಪ, ಅಂಥೋರು ಯಾರಿದ್ದಾರೋ" ಎಂದೆ.

ಸಂಜೆ ಮನೆಯಲ್ಲಿ ನಾವಿಬ್ಬರೂ ಕೂತು ತೀರ್ಮಾನ ಮಾಡಿದೆವು. ತೀರ್ಮಾನ ಮಾಡಿದ್ದು ನಾನು, ಕೂತಿದ್ದು ಅವರು. ಆಫೀಸಿನಲ್ಲಿ ನಾವು ಪರಸ್ಪರ ಪರಿಚಯವಿಲ್ಲದವರು. ಮಾರನೆಯ ದಿನದಿಂದ ಅವರು ಸ್ಕೂಟರಿನಲ್ಲಿ ನನ್ನನ್ನು ಹಿಂದಿನ ಬೀದಿಯ ಔಷಧಿ ಅಂಗಡಿಯ ಹತ್ತಿರ ಇಳಿಸಿ ಮುಂದೆ ಹೋಗುತ್ತಿದ್ದರು, ನಾನು ಬೆವರು ಒರೆಸಿಕೊಳ್ಳುತ್ತ ನಡೆದು ಬರುತ್ತಿದ್ದೆ. ಲಿಫ್ಟಿನಲ್ಲಿ ಎದುರಾದರೆ "ಗುಡ್ ಮಾರ್ನಿಂಗ್ ಸಾರ್" ಎನ್ನುತ್ತಿದ್ದೆ. ಹತ್ತು ನಿಮಿಷದ ಹಿಂದೆ ಅದೇ ಸಾರ್ ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಎಸೆದದ್ದಕ್ಕೆ ನನ್ನಿಂದ ಬೈಸಿಕೊಂಡಿರುತ್ತಿದ್ದರು. ನನಗೆ ನಗು ತಡೆಯುವುದೇ ಒಂದು ಕೆಲಸವಾಯಿತು. ಅವರಿಗೇನೂ ಕಷ್ಟವಾಗಲಿಲ್ಲ. ಪರಿಚಯವಿಲ್ಲದವರ ಹಾಗೆ ಸುಮ್ಮನಿರುವುದು ಅವರಿಗೆ ಮನೆಯಲ್ಲೇ ಅಭ್ಯಾಸವಾಗಿತ್ತು.

ಎಡವಟ್ಟಾಗಿದ್ದು ಕ್ಯಾಂಟೀನಿನಲ್ಲಿ. ಜಾಗವಿಲ್ಲದೆ ಒಂದೇ ಮೇಜಿಗೆ ಬಂದಿದ್ದೆವು, ಎದುರಿಗೆ ರೇಡಿಯೊ. ನನಗೆ ಬೇಯಿಸಿದ ಮೊಟ್ಟೆಯ ಬಿಳಿ ಮಾತ್ರ ಸೇರುತ್ತದೆ. ಹಳದಿಯನ್ನು ಮದುವೆಯಾದಂದಿನಿಂದ ಗಂಡನ ತಟ್ಟೆಗೆ ಹಾಕುತ್ತ ಬಂದಿದ್ದೇನೆ. ಅವತ್ತೂ ಮಾತಾಡುತ್ತ ಮಾತಾಡುತ್ತ ಮೊಟ್ಟೆ ಒಡೆದು, ಹಳದಿ ತೆಗೆದು, ಪರಿಚಯವಿಲ್ಲದ ಗಂಡಸಿನ ತಟ್ಟೆಗೆ ಇಟ್ಟುಬಿಟ್ಟೆ.

ಅವರು ಒಂದು ಕ್ಷಣ ಅದನ್ನೇ ನೋಡಿದರು. "ಥ್ಯಾಂಕ್ಸ್ ಮೇಡಂ" ಎಂದು ಬಾಯಿಗೆ ಹಾಕಿಕೊಂಡರು.

ರೇಡಿಯೊ ಕೆಮ್ಮಿದಳು. ನೀರು ಕುಡಿದಳು. ಏನೂ ಹೇಳಲಿಲ್ಲ. ರೇಡಿಯೊ ಬಂದ್ ಆದರೆ ಭಯಪಡಬೇಕು ಎಂದು ನನಗೆ ಗೊತ್ತು.

ಆ ವಾರ ಮೇಲಿನ ಮಹಡಿಯಲ್ಲಿ ಕೆಲವರಿಗೆ ಕೆಲಸ ಹೋಯಿತು. ಒಬ್ಬರು ತಮ್ಮ ಕುರ್ಚಿಯ ದಿಂಬನ್ನು ಎದೆಗೆ ಒತ್ತಿಕೊಂಡು ಲಿಫ್ಟಿಗೆ ಕಾಯುತ್ತಿದ್ದುದನ್ನು ನೋಡಿದೆ. ನನ್ನ ಕೆಲಸ ಹೋದರೆ ನಾನು ಹೇಗೋ ಸಂಭಾಳಿಸಿಯೇನು. ಅವರದ್ದು ಹೋದರೆ ಏನು ಗತಿ? ಮರುದಿನ ಸೀದಾ ಹೋಗಿ ನಮ್ಮ ಮಹಡಿಯ ಮುಖ್ಯಸ್ಥರ ಗಾಜಿನ ಕೋಣೆಯ ಬಾಗಿಲು ತಟ್ಟಿದೆ. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮೇಜೆಲ್ಲ ಹುಡುಕುವವರು.

"ಸಾರ್, ಬಿಡಿಭಾಗದಲ್ಲಿ ಕಿಟಕಿ ಪಕ್ಕ ಕೂರ್ತಾರಲ್ಲ, ಅವರು ನನ್ನ ಯಜಮಾನ್ರು. ನಮ್ಮಿಬ್ಬರಲ್ಲಿ ಒಬ್ಬರನ್ನ ತೆಗೀಲೇಬೇಕು ಅಂದ್ರೆ ನನ್ನ ತೆಗೀರಿ. ನನಗೆ ಬಾಯಿದೆ, ಎಲ್ಲಾದ್ರೂ ಕೆಲಸ ಸಿಗುತ್ತೆ. ಅವರು ಇಂಟರ್‌ವ್ಯೂಗೆ ಹೋದ್ರೆ ಹೆಸರು ಹೇಳೋಕೇ ಅರ್ಧ ಗಂಟೆ ತಗೋತಾರೆ."

ಮುಖ್ಯಸ್ಥರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಲಿನ ಮಹಡಿಯಿಂದ ಫೋನ್ ಬಂತು. "ಆಮೇಲೆ ಮಾತಾಡೋಣಮ್ಮ" ಎಂದು ಎದ್ದು ಹೋದರು. ಸಂಜೆಯವರೆಗೂ ಅವರ ಪತ್ತೆಯಿಲ್ಲ. ನಾನು ಮನೆಗೆ ಬಂದು ಗಂಡನಿಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ತಡೆಯುತ್ತಿದ್ದರು.

ಮರುದಿನ ಒಬ್ಬ ಗ್ರಾಹಕರ ಹತ್ತಿರ ಮಾತಾಡುತ್ತಿದ್ದೆ. ಅವರ ವಾಷಿಂಗ್ ಮಷೀನು ಕುಣಿಯುತ್ತ ಅಡುಗೆಮನೆಯವರೆಗೆ ಬರುತ್ತಿತ್ತಂತೆ. ಹಾಗೇ ತಲೆಯೆತ್ತಿ ನೋಡಿದರೆ ಗಾಜಿನ ಕೋಣೆಯೊಳಗೆ ನನ್ನ ಗಂಡ. ತಲೆ ತಗ್ಗಿಸಿ ಕೂತಿದ್ದಾರೆ. ಎದುರಿಗೆ ಮುಖ್ಯಸ್ಥರು ಗಂಭೀರವಾಗಿ ತಲೆಯಾಡಿಸುತ್ತಿದ್ದಾರೆ.

ಮುಗಿಯಿತು. ಇಬ್ಬರೂ ಗಂಡ ಹೆಂಡತಿ ಎಂದು ನಾನೇ ಹೋಗಿ ಹೇಳಿ, ಅವರ ಕೆಲಸಕ್ಕೆ ನಾನೇ ಕುತ್ತು ತಂದೆ. ಬಾಯಿ ಇದೆ ಎಂದು ಜಂಬ ಬೇರೆ ಕೊಚ್ಚಿಕೊಂಡಿದ್ದೆ.

"ಸಾರ್, ಮಷೀನ್ ಮೇಲೆ ಯಾರನ್ನಾದ್ರೂ ಕೂರಿಸಿ, ಬಂದೆ" ಎಂದು ಫೋನ್ ಇಟ್ಟು, ಎಲ್ಲರ ಎದುರಿಗೇ ಓಡಿ ಬಾಗಿಲು ತಟ್ಟದೆ ಒಳಗೆ ನುಗ್ಗಿದೆ.

"ಸಾರ್, ಇದು ನ್ಯಾಯ ಅಲ್ಲ. ನನ್ನ ತೆಗೀರಿ ಅಂತ ನಿನ್ನೆ ಬಾಯಿ ಬಿಟ್ಟು ಹೇಳಿದೀನಿ. ಇವರನ್ನ ಕಳಿಸೋದಾದ್ರೆ ನಾನೂ ಹೊರಟೆ."

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೂತ್ಕೊಳಮ್ಮ. ಇವರನ್ನ ನಾನು ಕರೆದಿಲ್ಲ, ಇವರೇ ಬಂದಿದ್ದು. ನನ್ನ ತೆಗೀರಿ, ಅವಳನ್ನ ಬಿಡಿ ಅಂತ."

ನಾನು ಗಂಡನ ಕಡೆ ನೋಡಿದೆ. ಅವರು ನೆಲ ನೋಡಿದರು.

"ಕಾರಣ ಏನು ಕೊಟ್ರು ಗೊತ್ತಾ?" ಮುಖ್ಯಸ್ಥರ ಮೀಸೆ ಅಲುಗುತ್ತಿತ್ತು. "'ನನ್ನ ಕೆಲಸ ಹೋದ್ರೆ ಅವಳು ಆರಾಮಾಗಿ ಆಫೀಸಿಗೆ ಬರ್ತಾಳೆ ಸಾರ್. ಅವಳ ಕೆಲಸ ಹೋದ್ರೆ ನಾನು ಮನೆಗೆ ಹೋಗೋ ಹಾಗಿಲ್ಲ.' ಹೀಗಂದ್ರು."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನು ಹೇಳಿದ್ದ ಕಾರಣವನ್ನೂ ಆ ಪುಣ್ಯಾತ್ಮ ಮುಖ್ಯಸ್ಥರು ಬಿಡದೆ ನನ್ನವರಿಗೆ ಹೇಳಿದರು, ಹೆಸರು ಹೇಳಲು ಅರ್ಧ ಗಂಟೆ ಎನ್ನುವುದನ್ನೂ ಸೇರಿಸಿ. ಆಗ ನನ್ನ ಗಂಡ ನಕ್ಕರು. ಸದ್ದಿಲ್ಲದೆ ನಗುವ ಮನುಷ್ಯ, ಗಾಜು ಅದುರುವ ಹಾಗೆ ನಕ್ಕರು.

"ಗಂಡ ಹೆಂಡ್ತೀಲಿ ಒಬ್ಬರನ್ನ ತೆಗೀಬೇಕು ಅಂತ ಯಾವ ನಿಯಮಾನೂ ಇಲ್ಲ" ಎಂದರು ಮುಖ್ಯಸ್ಥರು. "ಮೇಲಿಂದ ಹೆಸರುಗಳು ಬಂದಾಯ್ತು, ಈ ಸಲ ನಮ್ಮ ಮಹಡಿಯವರು ಯಾರೂ ಇಲ್ಲ. ಮುಂದಿನ ಸಲದ್ದು ನನಗೇ ಗೊತ್ತಿಲ್ಲ, ಅದರಲ್ಲಿ ನಾನೇ ಇರಬಹುದು. ಇನ್ನು ನಿಮ್ಮ ಗುಟ್ಟು. ಆನ್‌ಲೈನ್ ಮೀಟಿಂಗಲ್ಲಿ ಮನೇಲಿ ಯಾರೋ ಹೆಂಗಸು 'ಟೀ ಕುಡೀತೀರಾ' ಅಂತಾರೆ. ಪರದೆ ಮೇಲೆ ನಿಮ್ಮಿಬ್ಬರ ಚೌಕದಿಂದ್ಲೂ ಒಂದೇ ಸಲ 'ಈಗ ಬೇಡಮ್ಮ' ಅಂತ ಬರುತ್ತೆ. ನಾವೇನು ಕಿವುಡರಾ?"

ಅತ್ತೆಯವರ ದನಿ ಸಣ್ಣದಲ್ಲ, ನಿಜ. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿನ ಹಾಗಾಯಿತು ನಮ್ಮ ಸ್ಥಿತಿ. ಹೊರಗೆ ನೋಡಿದರೆ ಮಹಡಿಗೆ ಮಹಡಿಯೇ ಎದ್ದು ನಿಂತಿತ್ತು, ಮುಂದಿನ ಸಾಲಿನಲ್ಲಿ ರೇಡಿಯೊ. ಬಾಗಿಲು ತೆರೆದ ಕೂಡಲೇ ಅವಳು ನನ್ನ ಕೈ ಹಿಡಿದುಕೊಂಡಳು.

"ನಿಮಗೇ ಅಂತ ಹೇಳಿದ್ದು ಕಣ್ರೀ ಅವತ್ತು, ಹುಷಾರಾಗಿರಲಿ ಅಂತ. ಸುಳ್ಳು ಸುದ್ದಿ ಅಂತ ನನಗೇನು ಗೊತ್ತು? ನೀವು ಮೊಟ್ಟೆ ಇಟ್ಟಾಗ ನನ್ನ ಜೀವಾನೇ ಹೋಗಿತ್ತು."

ಎಲ್ಲರೂ ನಕ್ಕರು. ಎಷ್ಟೋ ವಾರಗಳಿಂದ ಬಿಗಿದುಕೊಂಡಿದ್ದ ಮುಖಗಳು ಅವು. ಯಾರೋ ಟೀ ತರಿಸಿದರು. ಆ ಗದ್ದಲದ ನಡುವೆ ನಾನು ಗಂಡನನ್ನು ಬಾಗಿಲ ಪಕ್ಕಕ್ಕೆ ಎಳೆದು ಕೇಳಿದೆ. "ನನ್ನ ಒಂದು ಮಾತು ಕೇಳದೆ ಕೆಲಸ ಬಿಡೋಕೆ ಹೊರಟಿದ್ರಲ್ಲ, ಸರಿನಾ? ಅದೂ ನಾನು ಸಾರ್ ಹತ್ರ ಹೇಳಿದ ಮಾರನೇ ದಿನ. ಮೊದಲು ಬಂದಿದ್ದು ನಾನು, ಗೊತ್ತಿರಲಿ."

"ಇಲ್ಲ" ಎಂದರು ಅವರು. "ನಾನು ಆಫೀಸಿಗೆ ಬಂದ ಮೊದಲನೇ ವಾರದಿಂದ ದಿನಾ ಇಲ್ಲಿಗೆ ಬರ್ತಿದ್ದೆ. ಬಾಗಿಲ ತನಕ ಬಂದು, ಏನು ಹೇಳ್ಬೇಕು ಅಂತ ತಿಳೀದೆ ವಾಪಸ್ ಹೋಗ್ತಿದ್ದೆ."

ಇಷ್ಟು ವರ್ಷದಲ್ಲಿ ಅವರು ನನ್ನ ಹತ್ತಿರ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಬಂದ ಟೀಯಲ್ಲಿ ಮೊದಲ ಲೋಟವನ್ನು ಎಲ್ಲರ ಎದುರಿಗೇ ಅವರ ಕೈಗಿಟ್ಟೆ.