ಹಿತ್ತಾಳೆಯವನ ಹೆಂಡತಿಯ ಹೆಸರು

ಇದು ನಡೆದದ್ದೇ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆ ಬೆಳಿಗ್ಗೆ ನನ್ನ ಚಪ್ಪಲಿ ನನ್ನನ್ನು ಬಿಟ್ಟು ಬೇರೆಯವರ ಕಾಲಿಗೆ ಹೋಗಲಿ. ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಹಿತ್ತಾಳೆಯವನ ಹೆಂಡತಿ ಎದುರಂಗಡಿಯ ಸ್ಟೂಲಿನ ಮೇಲೆ ಕೂತು ನಗುತ್ತಿದ್ದಳು. ಬಾಯಿಗೆ ಕೈ ಅಡ್ಡ ಹಿಡಿದು ನಗುವ ನಗುವಲ್ಲ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂಥ ನಗು. ಹಿತ್ತಾಳೆಯವನು ತನ್ನ ಅಂಗಡಿಯಲ್ಲಿ, ಅರ್ಧ ಇಳಿಸಿದ ಶಟರಿನ ಕೆಳಗೆ ಬಗ್ಗಿ ಇದನ್ನು ನೋಡುತ್ತಿದ್ದ. ಉಳಿ ಕೈಯಲ್ಲೇ ಇತ್ತು. ಮೇಜಿನ ಮೇಲೆ ಒಬ್ಬ ವಕೀಲರ ಹೆಸರು ಅರ್ಧಕ್ಕೇ ನಿಂತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಆ ನಗುವನ್ನು ಅವನು ಎರಡೇ ಸಲ ಕೇಳಿದ್ದ. ಒಂದು ಸಲ ಅವನ ಅಣ್ಣ ಮೆಟ್ಟಿಲಿನಿಂದ ಜಾರಿ ಬಿದ್ದಾಗ, ಇನ್ನೊಂದು ಸಲ ಅವನೇ ಬಿದ್ದಾಗ.

ಬಾಗಿಲಿಗೆ ಹಾಕುವ ಹೆಸರಿನ ಫಲಕ ಕೆತ್ತುವುದು ಅವನ ಕಸುಬು. ಹಿತ್ತಾಳೆ ತಗಡಿನ ಜೊತೆಗೇ ಬಾಳಿದ್ದರಿಂದ ಬೀದಿಯವರೆಲ್ಲ ಅವನನ್ನು ಹಿತ್ತಾಳೆಯವನು ಅನ್ನುತ್ತಿದ್ದರು. ಅವನ ಫಲಕವಿಲ್ಲದ ಬಾಗಿಲು ಆ ಊರಲ್ಲಿ ಎರಡೇ: ಒಂದು ಸ್ಮಶಾನದ್ದು, ಇನ್ನೊಂದು ಅವನ ಮನೆಯದು. ಕೈ ಎಂಥದೆಂದರೆ, ಅವನು ಕೆತ್ತಿದ ಚುಕ್ಕಿಯ ಅಂಚಿನಲ್ಲಿ ಕೂತ ನೊಣ ಒಳಗೆ ಇಣುಕಿ, ಬಾವಿಯೆಂದು ಹೆದರಿ ಹಿಂದೆ ಸರಿಯುತ್ತಿತ್ತು. ತಗಡಿಗೆ ಹೆಸರು ಸರಿಯಾಗಿ ಕೂರಬೇಕೆಂದು ಅವನು ಯಾವಾಗಲೂ ನಡುವಿನ ಅಕ್ಷರವನ್ನು ಮೊದಲು ಕೆತ್ತುತ್ತಿದ್ದ, ಆಮೇಲೆ ಎಡಕ್ಕೊಂದು, ಬಲಕ್ಕೊಂದು. ಎಲ್ಲ ಮುಗಿದ ಮೇಲೆ ಗೆರೆಗಳಿಗೆ ಕಪ್ಪು ಅರಗು ತುಂಬುತ್ತಿದ್ದ. ಹೀಗಾಗಿ ಹೆಸರು ಅವನಿಗೆ ಹೆಸರಲ್ಲ. ಇಷ್ಟಗಲ, ಇಷ್ಟುದ್ದ, ಅಷ್ಟೇ.

ಎದುರಂಗಡಿಯವನು ಬಂದು ಎರಡು ವರ್ಷವಾಗಿತ್ತು. ಕೊಡೆ, ಸೂಟ್‌ಕೇಸು, ಬ್ಯಾಗಿನ ಜಿಪ್ಪು ರಿಪೇರಿ ಮಾಡುತ್ತಿದ್ದ. ಅದಕ್ಕೆ ಮೊದಲು ಸರಕಿನ ಹಡಗುಗಳಲ್ಲಿ ಇಪ್ಪತ್ತೈದು ವರ್ಷ ಹಾಜರಿ ಕೂಗುವ ಗುಮಾಸ್ತನಾಗಿದ್ದನಂತೆ. ನಲವತ್ತು ದೇಶದ ಆಳುಗಳು, ನಲವತ್ತು ಬಗೆಯ ಹೆಸರು. ನಡುಸಮುದ್ರದಲ್ಲಿ ಒಬ್ಬನ ಹೆಸರನ್ನು ತಪ್ಪು ಕೂಗಿದರೆ ಅವನು ತಾಯಿ ಸತ್ತಷ್ಟು ಸಪ್ಪಗಾಗುತ್ತಾನೆ, ಅದಕ್ಕೇ ಪ್ರತಿಯೊಬ್ಬನನ್ನೂ ಕೂರಿಸಿಕೊಂಡು ನಿನ್ನ ಹೆಸರು ಎಲ್ಲಿಂದ ಬಂತು, ಏನರ್ಥ ಅಂತ ಕೇಳಿ ತಿಳಿದುಕೊಂಡೆ ಅನ್ನುತ್ತಿದ್ದ. ಒಂದು ಸಲ ಬಿರುಗಾಳಿಯಲ್ಲೇ ನೂರಾ ಹತ್ತು ಹೆಸರು ಕೂಗಿ ಮುಗಿಸಿದಾಗ, ತನ್ನ ಹೆಸರು ಇನ್ನೂ ಕೂಗಲಿಲ್ಲವಲ್ಲ ಅಂತ ಗಾಳಿಯೇ ಕಾದು ನಿಂತಿತ್ತಂತೆ. ಜನ ಅವನಿಗೆ ಹಡಗಿನವನು ಅಂತಲೇ ಹೆಸರಿಟ್ಟರು.

ಜಿಪ್ಪು ಕೂರಿಸುತ್ತ ಕೂರಿಸುತ್ತ ಅವನು ಬಂದವರ ಹೆಸರಿನ ಅರ್ಥ ಹೇಳುತ್ತಿದ್ದ. ಕ್ಷೌರಿಕನ ಬೋಳುತಲೆ ಬೀದಿಗೆಲ್ಲ ಕನ್ನಡಿ. ಅವನ ಹೆಸರಿಗೆ ಹಳೆಯ ಭಾಷೆಯೊಂದರಲ್ಲಿ ಮೈತುಂಬ ಕೂದಲಿನವನು ಎಂಬ ಅರ್ಥವಂತೆ. ಬಾಗಿಲಲ್ಲಿ ಬಗ್ಗಿಯೇ ಬರಬೇಕಾದ ಮನೆ ಮಾಲೀಕನ ಹೆಸರಿಗೆ ಸಣ್ಣವನು ಅಂತ. ಟೀಚರಮ್ಮನ ಹೆಸರಿಗೆ ಜೇನುನೊಣ ಅಂತ. ಅದು ಮಕ್ಕಳಿಗೆ ಮೊದಲೇ ಗೊತ್ತಿತ್ತು. ಹತ್ತು ವರ್ಷದಿಂದ ಒಬ್ಬರೊಬ್ಬರ ಮುಖ ನೋಡದ ಬೇಕರಿಯವನಿಗೂ ಅಂಚೆಯವನಿಗೂ ನಿಮ್ಮಿಬ್ಬರದೂ ಒಂದೇ ಹೆಸರು, ಎರಡು ದೇಶದಲ್ಲಿ ಎರಡು ಅಂಗಿ ತೊಟ್ಟುಕೊಂಡಿದೆ ಅಷ್ಟೇ ಅಂದ. ಅವರಿಬ್ಬರೂ ಅವತ್ತೇ ಒಂದು ಬೆಂಚಿನ ಮೇಲೆ ಕೂತು ಟೀ ಕುಡಿದರು.

ಹಿತ್ತಾಳೆಯವನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಆಗ. ಯಾಕೆಂದರೆ ಜನ ಎದುರಂಗಡಿಯಿಂದ ಎದ್ದು ಸೀದಾ ಇವನ ಅಂಗಡಿಗೆ ಬಂದು, ಮೇಲೆ ಹೆಸರು ಕೆತ್ತಿ, ಕೆಳಗೆ ಅರ್ಥ ಕೆತ್ತಿ ಅನ್ನತೊಡಗಿದರು. ಕೆಲಸ ಎರಡರಷ್ಟಾಯಿತು, ಸಂಕಟ ನಾಲ್ಕರಷ್ಟಾಯಿತು. ತನ್ನ ತಗಡು, ತನ್ನ ಉಳಿ, ತನ್ನ ಅರಗು, ಆದರೆ ಮಾತು ಅವನದು. ಫಲಕ ಕೈಗೆ ಬಂದಾಗ ಜನ ಮೊದಲು ಓದುತ್ತಿದ್ದದ್ದು ಕೆಳಗಿನ ಸಾಲನ್ನು.

ಇವನು ದೊಡ್ಡ ಬೂಸಿ ಬಿಡುವ ಆಸಾಮಿಯೇ ಇರಬೇಕು, ಹಿಡಿದು ಹಾಕುತ್ತೇನೆ ಅಂತ ಹಿತ್ತಾಳೆಯವನು ಒಂದು ದಿನ ಗಟ್ಟಿಮುಟ್ಟಾದ ತನ್ನ ಕೊಡೆಯ ಕಡ್ಡಿಯನ್ನು ತಾನೇ ಮುರಿದುಕೊಂಡು ಎದುರಿಗೆ ಹೋದ. ಕೆಟ್ಟುಹೋದ ಫಲಕಗಳ ಅಕ್ಷರಗಳನ್ನು ಅಲ್ಲಿಂದೊಂದು ಇಲ್ಲಿಂದೊಂದು ಹೆಕ್ಕಿ, ಭೂಮಿಯ ಮೇಲೆ ಯಾರಿಗೂ ಇಲ್ಲದ ಒಂದು ಹೆಸರು ಕಟ್ಟಿಕೊಂಡಿದ್ದ. ನಮ್ಮ ದೂರದ ನೆಂಟನೊಬ್ಬನ ಹೆಸರು, ಏನರ್ಥ ಅಂದ. ಹಡಗಿನವನು ಕಣ್ಣು ಮುಚ್ಚಿ, ಹೆಸರನ್ನು ನಾಲಿಗೆಯ ಮೇಲೆ ಎರಡು ಸಲ ಹೊರಳಿಸಿ, ಸೋತೆ ಅಂದ.

"ಇದು ನನಗೆ ಗೊತ್ತಿಲ್ಲಣ್ಣ. ಆ ಪುಣ್ಯಾತ್ಮರನ್ನ ಒಂದ್ಸಲ ಕರ್ಕೊಂಡು ಬನ್ನಿ. ಅವರಮ್ಮ ಏನಂದ್ಕೊಂಡು ಇಟ್ರು ಅಂತ ಕೇಳೋಣ."

ಮುರಿದ ಕೊಡೆ ಮೊದಲಿಗಿಂತ ಚೆನ್ನಾಗಿ ವಾಪಸು ಬಂತು. ಅವನು ಸುಳ್ಳನಾಗಿದ್ದರೆ ಸಹಿಸಬಹುದಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಅಂತ ಪಟ್ಟವರಿಗೇ ಗೊತ್ತು.

ಇಷ್ಟೆಲ್ಲ ಆದ ಮೇಲೆ ಈ ನಗು. ಹೆಂಡತಿ ಜಿಪ್ಪು ಹಾಕಿಸಿಕೊಂಡ ಬ್ಯಾಗು ಹಿಡಿದು ರಸ್ತೆ ದಾಟಿ ಬಂದಳು. ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ. ಹಿತ್ತಾಳೆಯವನು ವಕೀಲರ ಹೆಸರಿನ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದ.

"ಏನಂದ ಅವನು?"

"ಜಿಪ್ಪು ಸರಿ ಮಾಡಿದ್ರು."

"ಜಿಪ್ಪಿಗೆ ಯಾರಾದ್ರೂ ಅಷ್ಟು ನಗ್ತಾರಾ?"

"ನನ್ನ ಹೆಸರಿನ ಅರ್ಥ ಕೇಳ್ದೆ. ಹೇಳಿದ್ರು."

"ಏನಂತೆ?"

"ನಿಮಗ್ಯಾಕೆ ರೀ ಅದೆಲ್ಲ. ಅಗಲ ಎಷ್ಟು, ಉದ್ದ ಎಷ್ಟು ಅಂತ ತಾನೆ ನಿಮಗೆ ಬೇಕಾಗಿರೋದು."

ಅವಳು ಹಾಡು ಗುನುಗುತ್ತ ಮನೆ ಕಡೆ ಹೋದಳು. ಅಂಗಡಿಯ ಹಿಂದೆಯೇ ಮನೆ; ಗುನುಗು ಸಂಜೆವರೆಗೂ ಗೋಡೆ ದಾಟಿ ಬರುತ್ತಿತ್ತು. ಹಿತ್ತಾಳೆಯವನಿಗೆ ಅನ್ನ ಸೇರಲಿಲ್ಲ. ಎದುರಂಗಡಿಗೆ ಗಿರಾಕಿ ಬಂದರೆ ಉರಿ, ಬರದಿದ್ದರೆ ಇವಳು ಹೋಗಿಬಿಟ್ಟಾಳು ಅಂತ ಇನ್ನೂ ಉರಿ. ಎರಡು ದಿನ ಬಿಟ್ಟು ಅವಳು ತರಕಾರಿ ಹಿಡಿದು ಬರುವಾಗ ಹಡಗಿನವನು ಅಂಗಡಿಯಿಂದಲೇ ಏನೋ ಕೂಗಿದ. ಬಸ್ಸಿನ ಹಾರನ್ನಿನಲ್ಲಿ ಏನಂತ ಕೇಳಿಸಲಿಲ್ಲ. ಅವಳು ತಟ್ಟನೆ ತಿರುಗಿದ್ದು ಮಾತ್ರ ಕಾಣಿಸಿತು. ಸೂಜಿಗಲ್ಲಿಗೆ ಮೊಳೆ ತಿರುಗಿದ ಹಾಗೆ. ಅವತ್ತು ಅವನ ಉಳಿ ಜಾರಿ ವಕೀಲರಿಗೆ ಒಂದು ಬಾಲ ಬಂತು.

ಹೆಂಗಸು ಅರ್ಥಕ್ಕೆ ಸೋಲುತ್ತಾಳೋ ಅಕ್ಷರಕ್ಕೆ ಸೋಲುತ್ತಾಳೋ ನೋಡೇ ಬಿಡೋಣ ಅಂತ ಹಿತ್ತಾಳೆಯವನು ಪಣ ತೊಟ್ಟ. ಗಿರಾಕಿಗಳ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು ಮೂರು ದಿನ ಒಂದೇ ಫಲಕ ಕೆತ್ತಿದ. ಸುತ್ತ ಬಳ್ಳಿ, ಬಳ್ಳಿಯಲ್ಲಿ ಮೊಗ್ಗು, ನಡುವೆ ಹೆಂಡತಿಯ ಹೆಸರು. ನಿಂಬೆಹೋಳು ಹಾಕಿ ಉಜ್ಜಿ ಉಜ್ಜಿ ಎಂಥ ಹೊಳಪು ತಂದನೆಂದರೆ, ಹಾದುಹೋಗುವ ಬೆಕ್ಕು ಅದರಲ್ಲಿ ಮೀಸೆ ನೋಡಿಕೊಂಡು ಮುಂದಕ್ಕೆ ಹೋಗುತ್ತಿತ್ತು. ನಾಲ್ಕನೆಯ ದಿನ ಅದನ್ನು ಪೇಪರಿನಲ್ಲಿ ಸುತ್ತಿ, ಮನೆಯಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿಯ ಮುಂದಿಟ್ಟ. ಅವಳು ಪೇಪರು ಬಿಚ್ಚಿದಳು. ಕೈ ಒರೆಸಿಕೊಂಡು ಬಳ್ಳಿಯ ಮೇಲೆ ಬೆರಳಾಡಿಸಿದಳು, ಆಮೇಲೆ ಒಂದೊಂದೇ ಅಕ್ಷರದ ಮೇಲೆ.

"ತುಂಬಾ ಚೆನ್ನಾಗಿದೆ," ಅಂದಳು. "ಯಾರ ಮನೆ ಬಾಗಿಲಿಗೆ?"

"ಯಾರ ಮನೆ ಅಂದ್ರೆ? ನಮ್ಮನೇದಕ್ಕೇ. ನಿನ್ನ ಹೆಸರು ಕಣೇ ಅದು."

"ಇದು ನಿಮ್ಮಮ್ಮ ಇಟ್ಟ ಹೆಸರು ರೀ. ನಂದಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಅಕ್ಕನೂ ನಾನೂ ಒಂದೇ ಹೆಸರಿನವರು ಅಂತ ನನಗೆ ಇದನ್ನ ಇಟ್ರಲ್ಲ. ಮರ್ತೇ ಬಿಟ್ರಾ?"

ಹಿತ್ತಾಳೆಯವನಿಗೆ ಆಗ ನೆನಪಾಯಿತು. ಮದುವೆಯಾಗಿ ಬಂದ ವಾರದಲ್ಲಿ, ಅಣ್ಣನ ಹೆಂಡತಿಯದೂ ಇವಳದೂ ಒಂದೇ ಹೆಸರಾಗಿ ಮನೆಯಲ್ಲಿ ದೊಡ್ಡ ಗೊಂದಲ. ಒಬ್ಬಳನ್ನು ಕೂಗಿದರೆ ಇಬ್ಬರೂ ಓಡಿ ಬರುತ್ತಾರೆ, ಒಲೆ ಮೇಲಿನ ಹಾಲು ಉಕ್ಕಿ ಹೋಗುತ್ತದೆ ಅಂತ ಅಮ್ಮ ರೇಗಿ, ಚಿಕ್ಕವಳಿಗೆ ಬೇರೆ ಹೆಸರಿಟ್ಟುಬಿಟ್ಟಳು. ಕಾಗದ ಪತ್ರಗಳಲ್ಲೂ ಅದೇ ಆಯಿತು. ಅವನಂತೂ ಇವಳೇ, ಏ, ಕೇಳಿಸ್ತಾ ಅಂತಲೇ ಮೂವತ್ತು ವರ್ಷ ದೂಡಿದ್ದ. ಇಪ್ಪತ್ತು ವರ್ಷದ ಹಿಂದೆ ಅಣ್ಣ ಅತ್ತಿಗೆ ಬೇರೆ ಹೋಗುವಾಗ ಪಾತ್ರೆ ಹಂಚಿಕೊಂಡರು, ಕಂಬಳಿ ಹಂಚಿಕೊಂಡರು, ಒಂದು ಗೋಡೆ ಗಡಿಯಾರಕ್ಕಾಗಿ ಜಗಳವನ್ನೂ ಆಡಿದರು. ಇವಳ ಹೆಸರನ್ನು ಇವಳಿಗೆ ವಾಪಸು ಕೊಡುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಈಗ ಅದು ಎದುರಂಗಡಿಯವನಿಗೆ ಗೊತ್ತು. ಅವತ್ತು ಬಸ್ಸಿನ ಗಲಾಟೆಯಲ್ಲಿ ಅವನು ಕೂಗಿದ್ದು ಅದನ್ನೇ. ಅಷ್ಟು ದಿನ ಉರಿದದ್ದು ಬರೀ ಸೌದೆ, ಈಗ ಹೊತ್ತಿಕೊಂಡದ್ದು ಮನೆ. ತನ್ನ ಹೆಂಡತಿಯನ್ನು ತಾಯಿ ತಂದೆ ಏನಂತ ಕರೆದಿದ್ದರೋ ಹಾಗೆ ಕರೆಯುವವನು ಈ ಬೀದಿಯಲ್ಲಿ ಒಬ್ಬನೇ, ಅವನೂ ಕೊಡೆ ರಿಪೇರಿಯವನು.

ಮರುದಿನ ಬೆಳಿಗ್ಗೆ ಹಿತ್ತಾಳೆಯವನು ರಸ್ತೆ ದಾಟಿದ. ಜಗಳಕ್ಕೆ ಅಂತಲೇ ಹೊರಟಿದ್ದ. ಹಡಗಿನವನು ಸ್ಟೂಲು ಒರೆಸಿ ಮುಂದಿಟ್ಟ. ಕೂರಬಾರದು ಅಂದುಕೊಂಡೇ ಹಿತ್ತಾಳೆಯವನು ಕೂತ.

"ನಮ್ಮನೆಯವಳಿಗೆ ಏನು ಹೇಳಿದ್ರಿ?"

ಹಡಗಿನವನು ಕೈಲಿದ್ದ ಸೂಟ್‌ಕೇಸನ್ನು ಕೆಳಗಿಟ್ಟ. "ಅವರ ಹೆಸರಿಗೆ ಮೂರು ಕಡೆ ಮೂರು ಅರ್ಥ ಇದೆಯಣ್ಣ. ಒಂದು ಭಾಷೇಲಿ ನಕ್ಷತ್ರ. ಇನ್ನೊಂದು ದೇಶದ ಕಡೆ ಅದು ಗುಡ್ಡ. ಮತ್ತೊಂದು ಭಾಷೇಲಿ ಮೀನು, ತಣ್ಣಗಿರೋ ಸಮುದ್ರದ್ದು. ಮೂರೂ ನಿಮ್ಮದೇ, ತಾಯಿ, ಬೇಕಾದ್ದು ಇಟ್ಕೊಳ್ಳಿ ಅಂದೆ. ಮೀನು ಅಂದಾಗ ಅವರು ನಕ್ಕಿದ್ದು, ಅಬ್ಬ, ನನ್ನ ಡಬ್ಬೀಲಿರೋ ಗುಂಡಿಯೆಲ್ಲ ಅಲುಗಾಡಿದ್ವು. ಆಮೇಲೆ ಬ್ಯಾಗು ಎತ್ಕೊಳ್ತಾ, ಒಂದನ್ನ ಇಟ್ಕೊಂಡೆ ಅಂದ್ರು."

"ಯಾವುದನ್ನ?"

"ಅದನ್ನ ನನಗೆ ಹೇಳ್ಲಿಲ್ಲ."

ಈ ಮಾತು ಕೇಳಿದ್ದೇ ಹಿತ್ತಾಳೆಯವನಿಗೆ ಎಷ್ಟೋ ದಿನದ ಮೇಲೆ ಹೊಟ್ಟೆ ಹಸಿಯಿತು. ಎದ್ದು ನಿಂತ. ಹಡಗಿನವನು ಸೂಟ್‌ಕೇಸಿನ ಹಿಡಿ ನೋಡುತ್ತ, ತನಗೇ ಹೇಳಿಕೊಳ್ಳುವವನಂತೆ ಇನ್ನೊಂದು ಮಾತು ಸೇರಿಸಿದ.

"ಮೊದಲ್ನೇ ದಿನ ನಾನು ಆ ಹೆಸರು ಹಿಡಿದು ಮಾತಾಡಿಸಿದಾಗ ಅವರು ಹಿಂದಕ್ಕೆ ತಿರುಗಿ ನೋಡಿದ್ರಣ್ಣ. ಬೇರೆ ಯಾರೋ ಬಂದು ನಿಂತಿದ್ದಾರೆ ಅಂತ."

ಹಿತ್ತಾಳೆಯವನು ಅಂಗಡಿಗೆ ಹೋಗಲಿಲ್ಲ. ಅಂಗಡಿಯನ್ನು ಹಾದು ಸೀದಾ ಮನೆಗೆ ಹೋದ. ಅವಳು ನಲ್ಲಿಯ ಕೆಳಗೆ ತಟ್ಟೆ ತೊಳೆಯುತ್ತಿದ್ದಳು, ಬೆನ್ನು ಈ ಕಡೆಗಿತ್ತು. ನಕ್ಷತ್ರವೋ, ಗುಡ್ಡವೋ, ಮೀನೋ ಅಂತ ಕೇಳಬೇಕೆಂದೇ ಬಂದಿದ್ದ. ಬದಲಿಗೆ ಅವಳ ಹೆಸರು ಹೇಳಿದ. ಹೊಸದಾಗಿ ಕಟ್ಟಿಸಿಕೊಂಡ ಹಲ್ಲಿನಂತೆ ಅದು ಬಾಯಲ್ಲಿ ಆ ಕಡೆ ಈ ಕಡೆ ಕುಣಿಯಿತು. ನೀರಿನ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ತನ್ನನ್ನೇ ಅಂದುಕೊಳ್ಳುತ್ತಿರಲಿಲ್ಲ. ಅವನು ಇನ್ನೊಂದು ಸಲ ಹೇಳಿದ. ತಟ್ಟೆಯ ಮೇಲಿನ ಕೈ ನಿಂತಿತು. ನೀರು ಬೆರಳುಗಳ ಮೇಲೆ ಸುಮ್ಮನೆ ಹರಿಯುತ್ತಿತ್ತು.

ಅವಳು ನಲ್ಲಿ ನಿಲ್ಲಿಸಿದಳು. ತಿರುಗಲಿಲ್ಲ.

"ಇನ್ನೊಂದ್ಸಲ ಕರೀರಿ," ಅಂದಳು.

ಮೂರರಲ್ಲಿ ಅವಳು ಇಟ್ಟುಕೊಂಡದ್ದು ಯಾವುದು ಅಂತ ನನಗೆ ಗೊತ್ತು, ಹೇಳುತ್ತೇನೆ. ಅದಕ್ಕೆ ಮೊದಲು ನೀವು ಎದ್ದು ಮನೆಗೆ ಹೋಗಿ, ನಿಮ್ಮ ಮನೆಯವರ ಹೆಸರಿನ ಅರ್ಥವನ್ನು ಅವರ ಬಾಯಿಂದಲೇ ಕೇಳಿಕೊಂಡು ಬನ್ನಿ. ಬರುವಾಗ ಬರಿಗೈಯಲ್ಲಿ ಬರಬೇಡಿ, ಇಷ್ಟು ಹೊತ್ತು ಮಾತಾಡಿ ನನ್ನ ಗಂಟಲು ಒಣಗಿದೆ.