ಎದುರು ಮನೆಯ ಪ್ರಾರ್ಥನೆ

ಇನ್ನೊಂದು ತಿರುವು ದಾಟುವುದರೊಳಗೆ ಶಂಖ ಊದಿಬಿಟ್ಟರೆ ಬಚಾವಾದೆ, ಅಂದುಕೊಂಡ ಫಿಲೆಮೋನಿ.

ರಾಜಧಾನಿ ಅಪಿಯಾದಿಂದ ಬಂದ ಬಸ್ಸಿನಿಂದ ಚರ್ಚಿನ ಬಳಿಯೇ ಇಳಿದು, ಬೇಕೆಂದೇ ಕಾಲೆಳೆಯುತ್ತ ನಡೆಯುತ್ತಿದ್ದ. ಸಂಜೆಯ ಪ್ರಾರ್ಥನೆಗೆ ಶಂಖ ಊದಿದ ಮೇಲೆ ಊರಿನಲ್ಲಿ ಯಾರೂ ಓಡಾಡುವಂತಿಲ್ಲ. ಹತ್ತಿರದ ಮನೆ ಹೊಕ್ಕು ಕೂರಬೇಕು. ನ್ಯೂಜಿಲೆಂಡಿನಲ್ಲಿ ಓದಿ ಬಂದಾಗಿನಿಂದ ಈ ಕಟ್ಟಳೆಯನ್ನು ಗೇಲಿ ಮಾಡುತ್ತ ಬಂದವನು ಇಂದು ಅದನ್ನೇ ನೆಚ್ಚಿಕೊಂಡಿದ್ದ.

ಅಪ್ಪ ತೀರಿಕೊಂಡ ಮೇಲೆ ಮನೆಯ ಪ್ರಾರ್ಥನೆಯನ್ನು ಸೋದರಮಾವ ನಡೆಸುತ್ತಿದ್ದರು. ಅವರು ಇಂದು ಬೆಳಿಗ್ಗೆ ಹಡಗು ಹತ್ತಿ ತಮ್ಮ ದ್ವೀಪಕ್ಕೆ ಹೊರಟುಹೋಗಿದ್ದರು.

"ಇವತ್ತಿಂದ ನೀನೇ ಕಣೋ," ಅಂದಿದ್ದಳು ಅಮ್ಮ.

"ನೋಡೋಣ."

"ನೋಡೋದೇನು? ನಿಮ್ಮಪ್ಪನ ಜಾಗ ಅದು."

"ಕಾಲೇಜಲ್ಲಿ ಮೀಟಿಂಗಿದೆ. ತಡ ಆಗ್ಬಹುದು."

ಮೀಟಿಂಗು ಇರಲಿಲ್ಲ. ಅಂಥ ಸುಳ್ಳುಗಳನ್ನು ಅಮ್ಮನಿಗೆ ಎಷ್ಟು ಬೇಕಾದರೂ ಹೇಳಬಲ್ಲ. ಆದರೆ ತನ್ನ ಪಾಲಿಗೆ ಇಲ್ಲವೇ ಇಲ್ಲದ ದೇವರನ್ನು ಅವಳ ಮುಂದೆ ಕೂತು, ಅವಳ ಪರವಾಗಿ, ತಂದೆಯೇ ಎಂದು ಕರೆಯುವುದು ಹೇಗೆ? ದಿನವಿಡೀ ಪಾಠ ಹೇಳುತ್ತ ಇದನ್ನೇ ಯೋಚಿಸಿ ಸುಸ್ತಾಗಿದ್ದ.

ಶಂಖ ಇಂದು ತಡ ಮಾಡಿತು. ಊದುವ ಹೊತ್ತಿಗೆ ಅವನು ಊರ ಬಯಲಿಗೇ ಬಂದುಬಿಟ್ಟಿದ್ದ. ಬಯಲಿನಾಚೆ ಅವನ ಮನೆ. ಊರಿನ ಹಳೆಯ ಮನೆಗಳಿಗೆಲ್ಲ ಕಂಬಗಳೇ ಹೊರತು ಗೋಡೆಗಳಿಲ್ಲ; ದೀಪದ ಸುತ್ತ ಕೂತ ಅಮ್ಮ, ತಂಗಿ, ತಂಗಿಯ ಮಕ್ಕಳು ಎಲ್ಲರೂ ಇಲ್ಲಿಂದಲೇ ಕಾಣುತ್ತಿದ್ದರು.

ಯಾರೂ ಓಡಾಡದಂತೆ ರಸ್ತೆ ಕಾಯಲು ನಿಂತಿದ್ದ ಮಾಲಾಕಿ ಅವನ ಜೊತೆಯಲ್ಲೇ ಓದಿದವನು. ಕಣ್ಣು ಮಿಟುಕಿಸಿದ. "ಓಡೋ ಮೇಷ್ಟ್ರೇ, ನಾನು ನೋಡೇ ಇಲ್ಲ ಬಿಡು."

"ಕಟ್ಟಳೆ ಅಂದ್ರೆ ಕಟ್ಟಳೆ."

"ಅಬ್ಬಬ್ಬಾ! ಇದು ಯಾವಾಗಿಂದ?"

ಫಿಲೆಮೋನಿ ಪಕ್ಕದಲ್ಲಿದ್ದ ಇಲಾಯಿಸಾನ ಹಳೆಯ ಮನೆಗೆ ನುಗ್ಗಿದ. ಇಲಾಯಿಸಾ ಮೀನು ಹಿಡಿಯುವವನು. ಸಕ್ಕರೆ ಕಾಯಿಲೆ ಹೋದ ವರ್ಷ ಅವನ ಒಂದು ಕಾಲನ್ನು ತಿಂದುಹಾಕಿತ್ತು.

"ಬಾರಪ್ಪ ಬಾ! ಏ ಅಕೆನೆಸೆ, ಒಳ್ಳೇ ಚಾಪೆ ಹಾಸೇ, ದೊಡ್ಡ ಮನುಷ್ಯ ಬಂದಿದ್ದಾನೆ."

"ಕಾಲು ಹೇಗಿದೆ?" ಕೇಳಿದ ಮೇಲೆ ಫಿಲೆಮೋನಿ ನಾಲಿಗೆ ಕಚ್ಚಿಕೊಂಡ.

"ಯಾವ್ದು? ಹೋದದ್ದಾ, ಇರೋದಾ?" ಇಲಾಯಿಸಾ ಹೊಟ್ಟೆ ಕುಲುಕಿಸಿ ನಕ್ಕ. "ಎರಡಿದ್ದಾಗ ದೇವ್ರ ಕೈಗೆ ಸಿಗದಂಗೆ ಓಡ್ತಿದ್ದೆ. ಒಂದು ಹೋದ್ಮೇಲೆ ಸಿಕ್ಕಿಬಿದ್ದೆ ನೋಡು."

"ಕುಡಿದು ಬಂದು ಹೊಡೀತಿದ್ದ," ಅಂದಳು ಹೆಂಡತಿ, ಚಾಪೆ ಕೊಡವುತ್ತ. "ಈಗ ಪಕ್ಕದಲ್ಲಿ ಕೂತು ಹಾಡ್ತಾನೆ. ಸ್ವರ ಅನ್ನೋದಿಲ್ಲ, ಆದ್ರೂ ಹಾಡ್ತಾನೆ."

ಇಬ್ಬರೂ ಹಾಡಿದರು. ನಿಜವಾಗಿಯೂ ಸ್ವರವಿರಲಿಲ್ಲ. ಆ ಸಂತೋಷದಲ್ಲಿ ಎಲ್ಲಾದರೂ ಬಿರುಕು ಸಿಕ್ಕೀತೇ ಎಂದು ಫಿಲೆಮೋನಿ ಹುಡುಕಿದ. ಸಿಗಲಿಲ್ಲ. ಹೊಟ್ಟೆಕಿಚ್ಚಾಯಿತು.

"ಪ್ರಾರ್ಥನೆ ನೀನು ಮಾಡಪ್ಪ. ಮನೆಗೆ ಬಂದವನು."

ಒಲ್ಲೆ ಎನ್ನುವಂತಿರಲಿಲ್ಲ. ಕಣ್ಣು ಮುಚ್ಚಿದ. ಬಾಯಿ ತೆರೆದದ್ದೇ ತಡ, ಚಿಕ್ಕಂದಿನಿಂದ ಸಂಜೆ ಸಂಜೆ ಕೇಳಿದ ಅಪ್ಪನ ಮಾತುಗಳು ತಾವಾಗಿ ಹೊರಟವು. ಕಡಲಿಗೆ, ಮೀನಿಗೆ, ಕಾಯಿಲೆ ಬಿದ್ದವರಿಗೆ, ದೂರ ದೇಶದಲ್ಲಿ ದುಡಿಯುವವರಿಗೆ, ಎಲ್ಲರಿಗೂ ಬೇಡಿಕೊಂಡ. ಅಪ್ಪನ ಹಾಗೆಯೇ ಕೊನೆಗೆ ದನಿ ಇಳಿಸಿದ. ಎಲ್ಲೂ ತಡವರಿಸಲಿಲ್ಲ. ಇಷ್ಟು ಸುಲಭವೇ ಎಂದು ಅವನಿಗೇ ಹೇಸಿಗೆಯಾಯಿತು.

"ಆಮೆನ್!" ಅಕೆನೆಸೆ ಕಣ್ಣೊರೆಸಿಕೊಂಡಳು. "ನಿಮ್ಮಪ್ಪನೇ ಎದ್ದು ಬಂದಂಗಾಯ್ತು. ನಿಮ್ಮಮ್ಮನ ಅದೃಷ್ಟ ಕಣಪ್ಪ, ಇನ್ಮೇಲೆ ದಿನಾ ಕೇಳ್ತಾಳೆ."

ಫಿಲೆಮೋನಿ ತಲೆಯೆತ್ತಿದ.

ಊರಿನ ಎಲ್ಲ ಮನೆಗಳಿಂದಲೂ ಹಾಡು ಬರುತ್ತಿತ್ತು. ಬಯಲಿನಾಚೆಯ ಮನೆಯಲ್ಲಿ ಮಾತ್ರ ಯಾರೂ ಶುರುವೇ ಮಾಡಿರಲಿಲ್ಲ. ಮಕ್ಕಳು ಇತ್ತಲೇ ನೋಡುತ್ತಿದ್ದರು. ಅಮ್ಮ ಎದ್ದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವನು ಕೈಯೆತ್ತಿದ, ಕರೆಯಲೋ, ತಡೆಯಲೋ, ತಿಳಿಯಲಿಲ್ಲ.

ಅಮ್ಮ ಸೂರಿನ ಕೆಳಗೆ ಸುತ್ತಿಟ್ಟ ತೆಂಗಿನ ಗರಿಯ ಪರದೆಯ ಹಗ್ಗ ಬಿಚ್ಚಿದಳು. ಎರಚಲು ಹೊಡೆಯುವಾಗ ಮಾತ್ರ ಇಳಿಸುವ ಪರದೆ ಅದು. ಒಂದು ಕಂಬದ ಸಂದು ಮುಚ್ಚಿತು. ಅವಳು ಮುಂದಿನ ಕಂಬಕ್ಕೆ ನಡೆದಳು. ಅವಸರವಿಲ್ಲದೆ, ಒಂದಾದ ಮೇಲೊಂದು, ಬಯಲಿನ ಕಡೆಯದನ್ನೆಲ್ಲ ಇಳಿಸಿದಳು. ದೀಪ ಗರಿಗಳ ಹಿಂದೆ ಮಸುಕಾಯಿತು.

"ಮಳೆ ಬರೋ ಹಂಗಿದ್ಯಾ?" ಇಲಾಯಿಸಾ ಕತ್ತು ಹೊರಗೆ ಚಾಚಿ ಮೇಲೆ ನೋಡಿದ.

ಆಕಾಶದ ತುಂಬ ನಕ್ಷತ್ರಗಳಿದ್ದವು.